ಮೊಲ ಮೇವು ಬಿಟ್ಟಾಗ: ಸಿರಿಂಜ್‌ಗೂ ಮೊದಲು ಥರ್ಮಾಮೀಟರ್

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಸಂಜೆಗೆ ತಿನ್ನುತ್ತದೆ ಬಿಡು ಎಂದು ಕಾಯಬಹುದು. ಮೊಲದ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬೆಳೆದ ಮೊಲ 10–12 ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕೂತಿದ್ದರೆ ಅದು ತುರ್ತು ಪರಿಸ್ಥಿತಿ. ಅಂಗಡಿಯಿಂದ ತಂದ ಎರಡು ತಿಂಗಳ ಮರಿಯಾದರೆ ಅಷ್ಟು ಹೊತ್ತು ಕಾಯುವಂತೆಯೂ ಇಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಸಿರಿಂಜ್‌ನಲ್ಲಿ ತಿನ್ನಿಸಿ. ಇದು ಅರ್ಧ ಸರಿ. ಕರುಳಿನ ಚಲನೆ ನಿಧಾನವಾಗಿದ್ದರೆ ತಿನ್ನಿಸುವುದೇ ಚಿಕಿತ್ಸೆಯ ದೊಡ್ಡ ಭಾಗ. ಕರುಳು ಎಲ್ಲೋ ಕಟ್ಟಿಕೊಂಡಿದ್ದರೆ ಅದೇ ತಿನ್ನಿಸುವಿಕೆ ಜಠರವನ್ನು ಬಿರಿಯುವ ಮಟ್ಟಕ್ಕೆ ತಳ್ಳಬಹುದು. ಹಾಗಾಗಿ ಮೊದಲ ಅರ್ಧ ಗಂಟೆಯಲ್ಲಿ ಕೇಳಿಕೊಳ್ಳಬೇಕಾದ್ದು 'ಏನು ತಿನ್ನಿಸಲಿ' ಎಂದಲ್ಲ, 'ಇದು ನಿಧಾನವಾದ ಕರುಳೋ, ಕಟ್ಟಿಕೊಂಡ ಕರುಳೋ' ಎಂದು.

ಇಷ್ಟು ಅವಸರ ಯಾಕೆ

ಮೊಲದ ಜಠರ ಆರೋಗ್ಯದಲ್ಲಿದ್ದಾಗ ಪೂರ್ತಿ ಖಾಲಿಯಾಗುವುದೇ ಇಲ್ಲ. ಹಗಲು ರಾತ್ರಿ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರುವ ಪ್ರಾಣಿ ಅದು. ಹುಲ್ಲಿನ ಒರಟು ನಾರು ಒಳಗೆ ಬರುತ್ತಿದ್ದರೆ ಮಾತ್ರ ಕರುಳು ಚೆನ್ನಾಗಿ ಹಿಸುಕಿ ಮುಂದೆ ತಳ್ಳುತ್ತದೆ. ದೊಡ್ಡ ಕರುಳಿನ ಬಳಿ ನಾರು ಎರಡಾಗಿ ಬೇರ್ಪಡುತ್ತದೆ. ಜೀರ್ಣವಾಗದ ಒರಟು ಭಾಗ ಒಣ ಹಿಕ್ಕೆಯಾಗಿ ಹೊರಗೆ ಬೀಳುತ್ತದೆ. ನುಣ್ಣನೆಯ ಭಾಗ ಸೀಕಮ್ ಎಂಬ ದೊಡ್ಡ ಚೀಲಕ್ಕೆ ಹಿಂತಿರುಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ, ಮೆತ್ತನೆಯ ಹೊಳಪಿನ ಗೊಂಚಲಾಗಿ ಬರುತ್ತದೆ. ಅದನ್ನು ಮೊಲ ನೇರವಾಗಿ ಬಾಯಲ್ಲೇ ತೆಗೆದುಕೊಂಡು ತಿನ್ನುತ್ತದೆ. ಬಿ ಗುಂಪಿನ ಜೀವಸತ್ವಗಳೂ ಸ್ವಲ್ಪ ಪ್ರೋಟೀನೂ ಸಿಗುವುದು ಅದರಿಂದ. ಈ ಮೆತ್ತನೆಯ ಗೊಂಚಲನ್ನು ಕಂಡು ಭೇದಿ ಎಂದು ಗಾಬರಿ ಬೀಳುವವರು ಬಹಳ. ಅದು ಭೇದಿಯಲ್ಲ. ಆದರೆ ತಿನ್ನದೆ ಪಂಜರದಲ್ಲಿ ಬಿಟ್ಟಿದ್ದರೆ ಏನೋ ಸರಿಯಿಲ್ಲ ಎಂದೇ ಅರ್ಥ: ಬಾಗಲು ಬೆನ್ನು ನೋಯುತ್ತಿರಬಹುದು, ಮೈ ದಪ್ಪವಾಗಿರಬಹುದು, ಕಾಳು ಅಥವಾ ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಗುಳಿಗೆ ಮೇವು) ಹೆಚ್ಚಾಗಿರಬಹುದು.

ಈಗ ಎಲ್ಲೋ ನೋವು ಶುರುವಾಯಿತು ಎನ್ನಿ. ಹಲ್ಲು, ಮೂತ್ರಕೋಶ, ಕಾಲು, ಎಲ್ಲಾದರೂ ಆಗಬಹುದು. ಮೊಲ ಮೇಯುವುದನ್ನು ಕಡಿಮೆ ಮಾಡುತ್ತದೆ, ನಾರು ಬರುವುದು ನಿಲ್ಲುತ್ತದೆ, ಕರುಳು ಮಂದವಾಗುತ್ತದೆ. ಜಠರದಲ್ಲಿದ್ದ ಮೇವಿನಿಂದ ನೀರು ಹೀರಿಹೋಗಿ ಅದು ಗಟ್ಟಿಯಾಗುತ್ತದೆ. ಸೀಕಮ್‌ನಲ್ಲಿ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಗಾಳಿ ತುಂಬುತ್ತದೆ. ಗಾಳಿ ತುಂಬಿದರೆ ಮತ್ತಷ್ಟು ನೋವು, ಮತ್ತಷ್ಟು ಉಪವಾಸ. ಮೊಲಕ್ಕೆ ವಾಂತಿ ಮಾಡುವ ಸಾಮರ್ಥ್ಯವಿಲ್ಲ, ಹಾಗಾಗಿ ಮೇಲಿನಿಂದ ಹೊರಹೋಗುವ ದಾರಿಯೂ ಇಲ್ಲ. ಇದರ ಜೊತೆಗೆ ದೇಹ ಶಕ್ತಿಗಾಗಿ ಕೊಬ್ಬನ್ನು ಕರಗಿಸತೊಡಗುತ್ತದೆ. ಆ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ಒಂದೆರಡು ದಿನದಲ್ಲೇ ಯಕೃತ್ತು ಸೋಲಬಹುದು. ಮುದ್ದು ಮಾಡಿ ಬೆಳೆಸಿದ ಗುಂಡು ಮೊಲಗಳಿಗೆ ಈ ಅಪಾಯ ಹೆಚ್ಚು.

ಜಠರದಲ್ಲಿ ಕೂದಲಿನ ಉಂಡೆ ಸಿಕ್ಕಿತು, ಅದೇ ಕಾರಣ ಎಂಬ ಮಾತು ಹಳೆಯದು. ಮೈ ನೆಕ್ಕಿಕೊಳ್ಳುವ ಪ್ರಾಣಿಯ ಹೊಟ್ಟೆಯಲ್ಲಿ ಕೂದಲು ಯಾವಾಗಲೂ ಇರುತ್ತದೆ. ಕರುಳು ನಡೆಯುತ್ತಿದ್ದರೆ ಅದು ಹಿಕ್ಕೆಯ ಜೊತೆ ಹೊರಹೋಗುತ್ತದೆ, ನಿಂತರೆ ಮುದ್ದೆಯಾಗುತ್ತದೆ. ಜಠರದ ಕೂದಲ ಮುದ್ದೆ ಬಹುತೇಕ ಪರಿಣಾಮವೇ ಹೊರತು ಕಾರಣವಲ್ಲ. ಅನಾನಸ್ ರಸ ಕುಡಿಸಿ ಕೂದಲು ಕರಗಿಸುವ ಉಪಾಯವೂ ವ್ಯರ್ಥ: ಕೂದಲಿನ ಕೆರಾಟಿನ್ ಆ ರಸಕ್ಕೆ ಕರಗುವುದಿಲ್ಲ, ಸಕ್ಕರೆ ಮಾತ್ರ ಒಳಗೆ ಹೋಗುತ್ತದೆ. ಇದಕ್ಕೆ ಒಂದು ಅಪವಾದವಿದೆ. ಗಟ್ಟಿಯಾಗಿ ಅಮುಕಿದ ಚಿಕ್ಕ ಕೂದಲ ಗುಳಿಗೆ ಜಠರ ದಾಟಿ ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡರೆ ಅದು ನಿಜವಾದ ಅಡ್ಡಿ.

ಮೊದಲು ಕಾಣುವ ಗುರುತುಗಳು

ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಆದ್ದರಿಂದ ತಟ್ಟೆಗಿಂತ ಮೊದಲು ಕಸದ ತಟ್ಟೆ ನೋಡಬೇಕು. ಆರೋಗ್ಯವಾದ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ. ಅವು ಗುಂಡಗೆ, ಒಂದೇ ಗಾತ್ರದಲ್ಲಿದ್ದು, ಹಿಸುಕಿದರೆ ಒಣಹುಲ್ಲಿನ ಪುಡಿಯಾಗುತ್ತವೆ. ಎಣಿಸಬೇಕಾಗಿಲ್ಲ, ಬೆಳಿಗ್ಗೆ ಗುಡಿಸುವಾಗ ರಾಶಿ ಎಷ್ಟು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಹಿಕ್ಕೆ ಚಿಕ್ಕದಾಗಿ ಕಪ್ಪಾಗಿದ್ದರೆ, ಗಾತ್ರ ಏರುಪೇರಾಗಿದ್ದರೆ, ಕೂದಲಿನ ಎಳೆಯಲ್ಲಿ ಸರದಂತೆ ಪೋಣಿಸಿಕೊಂಡಿದ್ದರೆ ಮುಂದಿನ ದಿನಕ್ಕೆ ಎಚ್ಚರಿಕೆ ಸಿಕ್ಕಿತೆಂದೇ ತಿಳಿಯಿರಿ.

ತಿನ್ನುವ ಕ್ರಮದಲ್ಲೂ ಸುಳಿವಿದೆ. ಒಣಹುಲ್ಲನ್ನು ಮೊದಲು ಬಿಟ್ಟು, ಆಮೇಲೆ ಪೆಲೆಟ್ ಬಿಟ್ಟು, ಕೊತ್ತಂಬರಿ ಸೊಪ್ಪನ್ನು ಮಾತ್ರ ತಿನ್ನುತ್ತಿದ್ದರೆ ಹಲ್ಲಿನ ಮೇಲೆ ಅನುಮಾನ ಪಡಬೇಕು. ಮೊಲದ 28 ಹಲ್ಲುಗಳೂ ಜೀವನವಿಡೀ ಬೆಳೆಯುತ್ತವೆ. ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿ.ಮೀ. ಏರುತ್ತದೆ. ಸವೆಯದ ದವಡೆಹಲ್ಲಿನ ಅಂಚು ಮುಳ್ಳಾಗುತ್ತದೆ. ಕೆಳಗಿನ ಹಲ್ಲಿನ ಮುಳ್ಳು ನಾಲಿಗೆಯನ್ನು, ಮೇಲಿನದು ಕೆನ್ನೆಯನ್ನು ಕುಯ್ಯುತ್ತದೆ. ಅಂಥ ಮೊಲ ಹಸಿದು ತಟ್ಟೆಯ ಬಳಿ ಓಡಿ ಬರುತ್ತದೆ, ಒಂದು ಎಸಳು ಎತ್ತುತ್ತದೆ, ಬೀಳಿಸುತ್ತದೆ. ಗದ್ದ ಒದ್ದೆ, ಮುಂಗಾಲಿನ ಒಳಬದಿಯ ತುಪ್ಪಳ ಅಂಟಂಟು, ಒಂದು ಕಣ್ಣಲ್ಲಿ ನೀರು. ಹಲ್ಲಿನ ಬೇರು ಕಣ್ಣೀರಿನ ನಾಳವನ್ನು ಒತ್ತುವುದರಿಂದ ಈ ನೀರು. ಮುಂದಿನ ಹಲ್ಲು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ತೊಂದರೆ ಇರುವುದು ಹೆಚ್ಚಾಗಿ ಹಿಂದೆ.

ಹೊಟ್ಟೆ ನೋವಿನ ಮೊಲ ಬೇರೆ ರೀತಿ ಕಾಣುತ್ತದೆ. ಮೂಲೆಯಲ್ಲಿ ಮುದುಡಿ ಕೂರುತ್ತದೆ, ಕಣ್ಣು ಅರೆಮುಚ್ಚಿರುತ್ತದೆ, ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ, ಮತ್ತೆ ಮತ್ತೆ ಜಾಗ ಬದಲಿಸುತ್ತದೆ, ಜೋರಾಗಿ ಹಲ್ಲು ಕಡಿಯುತ್ತದೆ. ತಲೆ ಸವರಿದಾಗ ಸುಖಕ್ಕೆ ಮಾಡುವ ಮೆಲ್ಲನೆಯ ಕಟಕಟ ಇದಲ್ಲ, ದೂರಕ್ಕೂ ಕೇಳಿಸುತ್ತದೆ. ಅನುಮಾನವಿದ್ದರೆ ಅದಕ್ಕೆ ತುಂಬ ಇಷ್ಟವಾದದ್ದನ್ನು, ಬೆರಳ ತುದಿಯಷ್ಟು ಬಾಳೆಹಣ್ಣನ್ನು, ಮೂಗಿನ ಬಳಿ ಹಿಡಿಯಿರಿ. ಅದಕ್ಕೂ ಮುಖ ತಿರುಗಿಸಿದರೆ ಅದು ಹಟವಲ್ಲ, ಕಾಯಿಲೆ.

ಎರಡು ಮೊಲ ಒಟ್ಟಿಗಿದ್ದ ಮನೆಯಲ್ಲಿ ಯಾವುದು ತಿನ್ನುತ್ತಿಲ್ಲ ಎಂದು ತಿಳಿಯುವುದೇ ಕಷ್ಟ. ಜಾಲರಿ ಅಡ್ಡ ಇಟ್ಟು ಒಂದೆರಡು ಗಂಟೆ ಹಿಕ್ಕೆ ನೋಡಿ. ಪೂರ್ತಿ ಬೇರೆ ಕೋಣೆಗೆ ಹಾಕಬೇಡಿ, ಜೊತೆಗಾರ ಕಾಣದಿದ್ದರೆ ಇನ್ನೊಂದೂ ಮೇವು ಬಿಡುತ್ತದೆ.

ಮೊದಲ ಅರ್ಧ ಗಂಟೆ

ಮೊದಲು ಉಷ್ಣತೆ ನೋಡಿ. ಡಿಜಿಟಲ್ ಥರ್ಮಾಮೀಟರ್‌ನ ತುದಿಗೆ ವ್ಯಾಸಲಿನ್ ಹಚ್ಚಿ, ಮೊಲವನ್ನು ಟವೆಲ್‌ನಲ್ಲಿ ಸುತ್ತಿ, ಎದೆ ಮತ್ತು ಹಿಂಗಾಲು ಎರಡಕ್ಕೂ ಆಸರೆ ಕೊಟ್ಟು, ಗುದದ್ವಾರದಲ್ಲಿ ಒಂದು–ಒಂದೂವರೆ ಸೆಂ.ಮೀ. ಮಾತ್ರ ಇಡಬೇಕು. ಹಿಂಗಾಲು ಸಡಿಲ ಬಿಟ್ಟರೆ ಅದು ಒದ್ದ ರಭಸಕ್ಕೆ ಬೆನ್ನುಮೂಳೆಯೇ ಮುರಿಯಬಹುದು, ಇದು ಉತ್ಪ್ರೇಕ್ಷೆಯಲ್ಲ. ಒಬ್ಬರು ಹಿಡಿದು ಇನ್ನೊಬ್ಬರು ನೋಡುವುದು ಕ್ಷೇಮ. ಕೈ ನಡುಗುವಂತಿದ್ದರೆ ಈ ಕೆಲಸವನ್ನು ವೈದ್ಯರಿಗೇ ಬಿಡಿ. ಕಿವಿ ಮುಟ್ಟಿ ನೋಡಿದರೂ ಸ್ವಲ್ಪ ಅಂದಾಜು ಸಿಗುತ್ತದೆ.

ಸಾಮಾನ್ಯ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101ರಿಂದ 104 ಫ್ಯಾರನ್‌ಹೀಟ್. 38ಕ್ಕಿಂತ (100.4 ಫ್ಯಾ.) ಕೆಳಗಿಳಿದಿದ್ದರೆ ರಕ್ತಪರಿಚಲನೆ ಕುಸಿಯುತ್ತಿದೆ ಎಂದರ್ಥ. ಆಗ ಮನೆಯಲ್ಲಿ ಮಾಡುವ ಕೆಲಸ ಒಂದೇ: ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಬೇಡವೆನಿಸಿದರೆ ಸರಿದು ಕೂರಲು ಜಾಗ ಬಿಟ್ಟು, ಆಸ್ಪತ್ರೆಗೆ ಹೊರಡುವುದು. ತಣ್ಣಗಾದ ಮೊಲಕ್ಕೆ ಬಾಯಿಗೆ ಏನೂ ಹಾಕಬಾರದು. 40.5 (105 ಫ್ಯಾ.) ದಾಟಿದ್ದರೆ ಬಿಸಿಲಿನ ಆಘಾತದ ಸಾಧ್ಯತೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯ ಮನೆಗಳಲ್ಲಿ ಮೊದಲು ಯೋಚಿಸಬೇಕಾದ್ದೇ ಇದು. ಕೋಣೆಯ ಉಷ್ಣತೆ 28–30 ದಾಟುತ್ತಿದ್ದಂತೆ ಮೊಲಕ್ಕೆ ಕಷ್ಟ, ಅದಕ್ಕೆ ಬೆವರಿ ತಣಿಯಲು ಆಗುವುದಿಲ್ಲ. ಕಿವಿಗಳಿಗೆ ಒದ್ದೆ ಬಟ್ಟೆ ಒರೆಸಿ, ಫ್ಯಾನ್ ಹಾಕಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಆಮೇಲೆ ಹೊಟ್ಟೆ ಮುಟ್ಟಿ. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಕಲಸಿದ ರೊಟ್ಟಿ ಹಿಟ್ಟಿನಂತೆ ಒತ್ತಿದಲ್ಲಿ ತಗ್ಗುವ ಮುದ್ದೆ ಕೈಗೆ ಸಿಕ್ಕರೆ ಅದು ನಿಧಾನವಾದ ಕರುಳಿನ ಕಡೆಗೆ ಬೆರಳು ತೋರಿಸುತ್ತದೆ. ಬಿಗಿದು ಗಟ್ಟಿಯಾಗಿ ಉಬ್ಬಿದ್ದರೆ ಕಟ್ಟಿಕೊಂಡ ಕರುಳಿನ ಅನುಮಾನ. ಕಾಲದ ಲೆಕ್ಕ ಇದಕ್ಕಿಂತಲೂ ಹೆಚ್ಚು ಹೇಳುತ್ತದೆ. ನಿಧಾನವಾಗುವ ಕರುಳು ಒಂದೆರಡು ದಿನ ಮುಂಚೆಯೇ ಸೂಚನೆ ಕೊಡುತ್ತದೆ: ಹಿಕ್ಕೆ ಚಿಕ್ಕದಾಗಿರುತ್ತದೆ, ಹುಲ್ಲು ಮಿಗುತ್ತಿರುತ್ತದೆ, ಮೊಲ ಮಂಕಾದರೂ ಕರೆದರೆ ತಲೆಯೆತ್ತುತ್ತದೆ. ಅಡ್ಡಿಯಾದಾಗ ಹಾಗಲ್ಲ. ಮಧ್ಯಾಹ್ನ ಕುಣಿದಾಡುತ್ತಿದ್ದ ಮೊಲ ರಾತ್ರಿಗೆ ಕಿವಿ ತಣ್ಣಗಾಗಿ, ಹೊಟ್ಟೆ ಉಬ್ಬಿ, ಪಕ್ಕಕ್ಕೆ ವಾಲಿರುತ್ತದೆ. ಇಂಥದ್ದಕ್ಕೆ ಮೇವು ಬೇಡ, ನೀರು ಬೇಡ, ಹೊಟ್ಟೆ ತಿಕ್ಕುವುದೂ ಬೇಡ, ಬುಟ್ಟಿಗಿಟ್ಟು ಹೊರಡಿ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಇದಲ್ಲ.

ತಿನ್ನಿಸುವುದಾದರೆ

ಉಷ್ಣತೆ ಸರಿಯಿದ್ದು, ಹೊಟ್ಟೆ ಬಿಗಿದಿಲ್ಲದೆ, ಮೊಲ ಎಚ್ಚರವಾಗಿದ್ದರೆ ಮಾತ್ರ ಇದು. ವೈದ್ಯರಿಗೆ ಫೋನ್ ಮಾಡಿ ಕೇಳಿ ಶುರುಮಾಡುವುದು ಇನ್ನೂ ಒಳ್ಳೆಯದು.

ಸಸ್ಯಾಹಾರಿ ಪ್ರಾಣಿಗಳಿಗೆಂದೇ ಮಾಡಿದ ನಾರಿನ ಪುಡಿ ಸಿಗುತ್ತದೆ. ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಹೆಚ್ಚು ಬಳಕೆಯಲ್ಲಿದೆ. ಒಂದು ಅಳತೆ ಪುಡಿಗೆ ಎರಡು ಅಳತೆ ಉಗುರುಬೆಚ್ಚಗಿನ ನೀರು. ಕಲಸಿ ಐದು ನಿಮಿಷ ಬಿಟ್ಟರೆ ನಾರು ಉಬ್ಬುತ್ತದೆ, ಆಗ ಬೇಕಿದ್ದರೆ ಇನ್ನಷ್ಟು ನೀರು ಸೇರಿಸಿ. ಆ ಪುಡಿ ರಾತ್ರಿ ಹತ್ತಕ್ಕೆ ಎಲ್ಲಿ ಸಿಗಬೇಕು? ಮನೆಯಲ್ಲಿರುವ ಪೆಲೆಟ್‌ ಅನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ಎರಡು–ಮೂರು ಪಾಲು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಒಂದೆರಡು ದಿನಕ್ಕೆ ನಡೆಯುತ್ತದೆ. ಸೋಸದಿದ್ದರೆ ಸಿರಿಂಜ್ ಮಧ್ಯದಲ್ಲಿ ಕಟ್ಟಿಕೊಂಡು, ಬಲವಾಗಿ ಒತ್ತಿದಾಗ ಒಮ್ಮೆಲೇ ಗಂಟಲಿಗೆ ನುಗ್ಗುತ್ತದೆ. ರಾಗಿ ಸರಿ, ಮಕ್ಕಳ ಡಬ್ಬಿ ಆಹಾರ, ಹಾಲು, ಮೊಸರು, ಬಿಸ್ಕತ್ತಿನ ಗಂಜಿ ಇವು ಯಾವುವೂ ಬೇಡ. ಇವುಗಳಲ್ಲಿ ಮೊಲಕ್ಕೆ ಬೇಕಾದಷ್ಟು ನಾರಿಲ್ಲ. ಪಿಷ್ಟ ಮತ್ತು ಸಕ್ಕರೆ ಸೀಕಮ್‌ಗೆ ಹೋದರೆ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ ಗಾಳಿ ಇನ್ನೂ ತುಂಬುತ್ತದೆ.

ಪ್ರಮಾಣವನ್ನು ದೇಹತೂಕದ ಮೇಲೆ ಲೆಕ್ಕ ಹಾಕಬೇಕು. ಒಂದು ಹೊತ್ತಿಗೆ ಕಿಲೋಗೆ 10–15 ಮಿ.ಲೀ. ಕಲಸಿದ ಮೇವು, ದಿನಕ್ಕೆ ನಾಲ್ಕೈದು ಸಲ. ಎರಡು ಕಿಲೋ ಮೊಲಕ್ಕೆ ಒಂದು ಸಲಕ್ಕೆ 20–30 ಮಿ.ಲೀ., ಇಡೀ ದಿನಕ್ಕೆ ನೂರು ಮಿ.ಲೀ.ಗೆ ಕಡಿಮೆಯಾಗದಂತೆ. ಮೊದಲ ಸಲ ಇದರ ಅರ್ಧ ಕೊಟ್ಟು ಹೊಟ್ಟೆ ಉಬ್ಬುತ್ತದೆಯೇ ನೋಡಿ. ನಡುವೆ ನಡುವೆ ಸಾದಾ ನೀರು ಕೊಡಿ. ಮೊಲದ ಮುಂದೆ ನಿಪ್ಪಲ್ ಬಾಟಲಿ ಮಾತ್ರ ಇದ್ದರೆ ಅಗಲದ ಬಟ್ಟಲಲ್ಲೂ ನೀರಿಡಿ, ಕಾಯಿಲೆಯ ಮೊಲ ಬಟ್ಟಲಿನಿಂದ ಹೆಚ್ಚು ಕುಡಿಯುತ್ತದೆ.

ಹಿಡಿಯುವ ಕ್ರಮ ಹೀಗೆ: ಕಾಲುಗಳು ಒಳಗಿರುವಂತೆ ಟವೆಲ್‌ನಲ್ಲಿ ಸುತ್ತಿ, ಮೇಜಿನ ಮೇಲೆ ನಿಮ್ಮ ಹೊಟ್ಟೆಗೆ ಅದರ ಬೆನ್ನು ತಾಗುವಂತೆ ಕೂರಿಸಿಕೊಳ್ಳಿ. ತಲೆ ನೇರವಾಗಿಯೇ ಇರಲಿ. ಮುಂಬಾಚಿಹಲ್ಲಿನ ಹಿಂದೆ ಹಲ್ಲಿಲ್ಲದ ಅಂತರವಿದೆ. ಸಿರಿಂಜ್ ತುದಿಯನ್ನು ಪಕ್ಕದಿಂದ ಅಲ್ಲಿಗೆ ಹಾಕಿ, ಅರ್ಧ–ಒಂದು ಮಿ.ಲೀ. ಮಾತ್ರ ಬಿಟ್ಟು, ಅಗಿದು ನುಂಗುವುದನ್ನು ಕಂಡ ಮೇಲೆ ಮುಂದಿನದು. ಮೊಲವನ್ನು ಅಂಗಾತ ಮಲಗಿಸಿ ಹಾಕಿದರೆ ಮೇವು ಶ್ವಾಸಕೋಶಕ್ಕೆ ಹೋಗುತ್ತದೆ, ಆಮೇಲೆ ನ್ಯುಮೋನಿಯಾ. 20 ಮಿ.ಲೀ. ತಿನ್ನಿಸಲು ಕಾಲು ಗಂಟೆ ಹಿಡಿದರೆ ಅದು ಸರಿಯಾದ ವೇಗ. ಬಾಯಲ್ಲಿ ಇಟ್ಟುಕೊಂಡು ನುಂಗದೇ ಹೊರಗೆ ಹರಿಸುತ್ತಿದ್ದರೆ ನಿಲ್ಲಿಸಿ, ವೈದ್ಯರಿಗೆ ಹೇಳಿ.

ಜೊತೆಗೆ ತಾನಾಗಿ ತಿನ್ನಲು ಪುಸಲಾಯಿಸಬೇಕು. ತೊಳೆದು ನೀರು ಸೋರುವಂತೆಯೇ ಇಟ್ಟ ಕೊತ್ತಂಬರಿ, ಪುದೀನ, ಸಬ್ಬಸಿಗೆ, ಎಳೆ ಗರಿಕೆ ಇಡಿ. ವಾಸನೆ ಜೋರಾಗಿರುವ ಸೊಪ್ಪಿಗೆ ಮೊಲ ಮೊದಲು ಸೋಲುತ್ತದೆ. ನೆಲದ ಮೇಲೆ ಬಿಟ್ಟು ನಾಲ್ಕು ಹೆಜ್ಜೆ ಓಡಾಡಿಸಿ, ಓಡಾಟದಿಂದ ಗಾಳಿ ಸರಿಯುತ್ತದೆ.

ಮದ್ದಿನ ಡಬ್ಬಿಗೆ ಕೈ ಹಾಕುವ ಮುನ್ನ

ಮಕ್ಕಳ ಹೊಟ್ಟೆಯುಬ್ಬರಕ್ಕೆ ಕೊಡುವ ಸಿಮೆಥಿಕೋನ್ ಹನಿಗಳನ್ನು ಬಹಳ ಜನ ಮೊಲಕ್ಕೂ ಹಾಕುತ್ತಾರೆ. ಹಾನಿ ಕಡಿಮೆ, ಲಾಭಕ್ಕೆ ಪುರಾವೆಯೂ ಕಡಿಮೆ. ಅದನ್ನು ಕೊಟ್ಟೆ ಎಂಬ ಸಮಾಧಾನದಲ್ಲಿ ಆಸ್ಪತ್ರೆ ಮುಂದೂಡುವುದೇ ಅದರ ದೊಡ್ಡ ದುಷ್ಪರಿಣಾಮ ಎನ್ನಬಹುದು. ಉಳಿದ ಮದ್ದುಗಳಲ್ಲಿ ನಿಜವಾದ ಅಪಾಯಗಳಿವೆ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಸೀಕಮ್‌ನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಸುರಿಸುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡುತ್ತವೆ. ಮೊಲ ಭೇದಿಯಾಗಿ ಸಾಯುತ್ತದೆ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ, ಅದರ ಮೊದಲ ಲಕ್ಷಣಗಳಲ್ಲಿ ಮೇವು ಬಿಡುವುದೂ ಒಂದು. ವಾರದೊಳಗೆ ಅಂಥದ್ದೇನಾದರೂ ಹಾಕಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಮನುಷ್ಯರ ನೋವಿನ ಮಾತ್ರೆಯನ್ನು ಅಂದಾಜಿನಲ್ಲಿ ಒಡೆದು ಕೊಡಬೇಡಿ.

ವೈದ್ಯರು ಏನು ಮಾಡುತ್ತಾರೆ

ಕರ್ನಾಟಕದಲ್ಲಿ ಬಹುಪಾಲು ಪಶುವೈದ್ಯರ ದಿನನಿತ್ಯದ ಕೆಲಸ ಹಸು, ಕುರಿ, ನಾಯಿಗಳದ್ದು. ಮೊಲ ನೋಡಿ ಅಭ್ಯಾಸವಿರುವವರು ಯಾರು, ರಾತ್ರಿ ತೆರೆದಿರುವುದು ಯಾವುದು ಎಂಬುದನ್ನು ಮೊಲ ಚೆನ್ನಾಗಿರುವಾಗಲೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಬೋಧನಾ ಆಸ್ಪತ್ರೆಗಳಿವೆ. ಹತ್ತಿರವಿದ್ದವರು ಅಲ್ಲಿಯೂ ವಿಚಾರಿಸಬಹುದು.

ಹೊಟ್ಟೆಯ ಎಕ್ಸ್‌ರೇ ಇದ್ದರೆ ನಿಧಾನವೋ ಅಡ್ಡಿಯೋ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ. ಎಕ್ಸ್‌ರೇ ಇಲ್ಲದ ಕಡೆಯೂ ಮಾಡಬಹುದಾದ ಒಂದು ಪರೀಕ್ಷೆಯಿದೆ: ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುವುದು. ಸಾಮಾನ್ಯವಾಗಿ ಅದು ಡೆಸಿಲೀಟರ್‌ಗೆ 75–150 ಮಿ.ಗ್ರಾಂ. ಗಾಬರಿಯಿಂದ, ನೋವಿನಿಂದ ಸ್ವಲ್ಪ ಏರುತ್ತದೆ. 360 ದಾಟಿದ್ದರೆ ಕರುಳಿನ ಅಡ್ಡಿಯ ಅನುಮಾನ ಬಲವಾಗುತ್ತದೆ. ನಿಧಾನವಾದ ಕರುಳಿಗೆ ನೋವು ನಿವಾರಕ, ಚರ್ಮದಡಿ ಅಥವಾ ರಕ್ತನಾಳಕ್ಕೆ ದ್ರವ, ಕರುಳು ಚುರುಕಾಗುವ ಔಷಧ, ತಿನ್ನಿಸುವಿಕೆ. ಇವುಗಳಲ್ಲಿ ನೋವು ನಿವಾರಕವನ್ನು ಬಿಡುವಂತಿಲ್ಲ. ನೋವು ಇರುವವರೆಗೆ ಮೊಲ ತಾನಾಗಿ ತಿನ್ನದು. ಅಡ್ಡಿಯಿದ್ದಾಗ ಕರುಳು ಚುರುಕು ಮಾಡುವ ಔಷಧ ಅಪಾಯ. ಜಠರದ ಒತ್ತಡವನ್ನು ಕೊಳವೆಯಿಂದ ಇಳಿಸುವುದೋ, ಶಸ್ತ್ರಚಿಕಿತ್ಸೆಯೋ ಎಂಬುದು ವೈದ್ಯರ ತೀರ್ಮಾನ.

ಮೂಲ ಕಾರಣವನ್ನು ಹುಡುಕದೇ ಮನೆಗೆ ಬಂದರೆ ಅರ್ಧ ಕೆಲಸ. ಮರಿಗಳಲ್ಲಿ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿಯ ಸೋಂಕಿಗೆ ಹಿಕ್ಕೆ ಪರೀಕ್ಷೆ ಮಾಡಿಸಬೇಕು. ಮೂತ್ರ ಸುಣ್ಣದ ಕೆಸರಿನಂತಿದ್ದರೆ ಮೂತ್ರಕೋಶ ನೋಡಬೇಕು. ಬೆಳೆದ ಮೊಲಕ್ಕೆ ದಿನವೂ ಲೂಸರ್ನ್ ಸೊಪ್ಪು ಹಾಕುವುದು ಇದಕ್ಕೆ ದಾರಿ ಮಾಡುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಬಹಳ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದ, ನಾಲ್ಕು ವರ್ಷ ದಾಟಿದ ಹೆಣ್ಣು ಮೊಲದಲ್ಲಿ ಗರ್ಭಕೋಶದ ಗಡ್ಡೆ ಸಾಮಾನ್ಯ. ಗರ್ಭದ ಕೊನೆಯ ವಾರದಲ್ಲಿ ಮೇವು ಬಿಟ್ಟರೆ ಉಳಿಸಲು ಇರುವುದು ಗಂಟೆಗಳ ಲೆಕ್ಕ ಮಾತ್ರ. ಸುಳ್ಳು ಗರ್ಭದಲ್ಲಿ ಎದೆಯ ಕೂದಲು ಕಿತ್ತು ಗೂಡು ಕಟ್ಟುವ ದಿನಗಳಲ್ಲೂ ಹಸಿವು ಇಳಿಯುತ್ತದೆ, ಕೂದಲೂ ಹೊಟ್ಟೆಗೆ ಹೋಗುತ್ತದೆ. ದೀಪಾವಳಿಯ ಪಟಾಕಿ, ಮನೆ ಬದಲಾವಣೆ, ಜೊತೆಗಾರನ ಸಾವು, ಹೊಸ ಬ್ರ್ಯಾಂಡ್ ಪೆಲೆಟ್‌ಗೆ ಒಂದೇ ದಿನದಲ್ಲಿ ಬದಲಾಯಿಸುವುದು, ಇವೂ ಪಟ್ಟಿಯಲ್ಲಿವೆ.

ಯಾವುದೇ ಶಸ್ತ್ರಚಿಕಿತ್ಸೆಗೆ 'ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ' ಎಂದು ಹೇಳಿದರೆ ಮೊಲ ಎಂಬುದನ್ನು ನೆನಪಿಸಿ ಇನ್ನೊಮ್ಮೆ ಕೇಳಿ. ನಾಯಿ ಬೆಕ್ಕಿಗೆ ಆ ನಿಯಮ ವಾಂತಿಯ ಭಯಕ್ಕೆ. ವಾಂತಿಯೇ ಆಗದ ಪ್ರಾಣಿಯನ್ನು ರಾತ್ರಿಯಿಡೀ ಉಪವಾಸ ಕೆಡವಿದರೆ ಎಚ್ಚರವಾದ ಮೇಲೆ ಕರುಳು ನಿಂತಿರುತ್ತದೆ.

ಚೇತರಿಕೆ, ಮತ್ತೆ ಬಾರದಂತೆ

ಮೊದಲ ಹಿಕ್ಕೆ ಬೀಳಲು ಚಿಕಿತ್ಸೆ ಶುರುವಾಗಿ ಒಂದು ದಿನವಾದರೂ ಹಿಡಿಯಬಹುದು. ಚಿಕ್ಕದಾಗಿ, ವಕ್ರವಾಗಿ, ಲೋಳೆ ಕೂದಲು ಸೇರಿಕೊಂಡು ಬರುತ್ತದೆ, ಬರಲಿ. ಒಂದು ಹಿಕ್ಕೆ ಕಂಡೊಡನೆ ಸಿರಿಂಜ್ ತೊಳೆದಿಡುವುದು ಸಾಮಾನ್ಯ ತಪ್ಪು. ತಾನಾಗಿ ಒಣಹುಲ್ಲು ತಿನ್ನಲು ಶುರುಮಾಡಿ, ಹಿಕ್ಕೆಯ ಗಾತ್ರ ಏರುತ್ತಾ ಹೋಗುವವರೆಗೆ ತಿನ್ನಿಸುವುದನ್ನು ಹಂತಹಂತವಾಗಿ ಇಳಿಸಿ. ಸೊಪ್ಪು ಮಾತ್ರ ತಿಂದು ಹುಲ್ಲು ಮುಟ್ಟದಿದ್ದರೆ ಚೇತರಿಕೆ ಪೂರ್ಣವಾಗಿಲ್ಲ.

ದಿನದ ಮೇವಿನಲ್ಲಿ ಹೆಚ್ಚಿನ ಪಾಲು ಹುಲ್ಲೇ ಆಗಿರಬೇಕು, ಅದೂ ಎಷ್ಟು ಬೇಕಾದರೂ. ಆಮದಾಗುವ ಟಿಮೊಥಿ ಹುಲ್ಲು ದುಬಾರಿ ಎನಿಸಿದರೆ ಔಷಧ ಸಿಂಪಡಿಸದ ಜಾಗದ ಗರಿಕೆಯನ್ನು ನೆರಳಲ್ಲಿ ಹಸಿರು ಉಳಿಯುವಂತೆ ಒಣಗಿಸಿ ಹಾಕಬಹುದು. ಬೂಷ್ಟು ಹಿಡಿದ ವಾಸನೆ ಬಂದರೆ ಎಸೆಯಿರಿ. ಭತ್ತದ ಹುಲ್ಲು ಹಾಸಿಗೆಗೆ ಸಾಕು, ಮುಖ್ಯ ಮೇವಾಗಿ ಅದರಲ್ಲಿ ಸತ್ವ ಕಡಿಮೆ. ಲಾನ್ ಕತ್ತರಿಸುವ ಯಂತ್ರದಿಂದ ಬಂದ ಹುಲ್ಲಿನ ಪುಡಿ ಬೇಗ ಹುದುಗುತ್ತದೆ, ಬೇಡ. ನಾರಿನಂಶ ಶೇ 18ಕ್ಕಿಂತ ಹೆಚ್ಚಿರುವ ಪೆಲೆಟ್ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಮೀರಬಾರದು. ಕ್ಯಾರೆಟ್ ಮೊಲದ ಊಟವಲ್ಲ, ಸಿಹಿತಿಂಡಿ. ವಾರಕ್ಕೆ ಒಂದೆರಡು ಹೋಳು. ನೆನೆಸಿದ ಕಡಲೆ, ಚಪಾತಿ, ಅನ್ನವನ್ನು ಪೂರ್ತಿ ನಿಲ್ಲಿಸಿ.

ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಎರಡು ಕಿಲೋ ಮೊಲ ನೂರು ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ತಿಂಗಳೊಳಗೆ ಎರಡನೇ ಸಲ ಮೇವು ಬಿಟ್ಟರೆ ಹಿಂದಿನ ಚೀಟಿಯ ಔಷಧವನ್ನೇ ಮತ್ತೆ ತರಬೇಡಿ. ಅರಿವಳಿಕೆ ಕೊಟ್ಟು ದವಡೆಹಲ್ಲುಗಳನ್ನು ಪೂರ್ತಿ ನೋಡಲು, ತಲೆಯ ಎಕ್ಸ್‌ರೇ ತೆಗೆಯಲು ಕೇಳಿ. ಎಚ್ಚರವಿರುವ ಮೊಲದ ಬಾಯಲ್ಲಿ ಹಿಂದಿನ ಹಲ್ಲಿನ ಮುಳ್ಳು ಎಷ್ಟೋ ಸಲ ಕಣ್ತಪ್ಪಿ ಹೋಗುತ್ತದೆ.